ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಕಡತಕೋಶಗಳ ಪೂರ್ವನಿಗದಿತ ನೆಲೆಗಳು

ಯುನಿಕ್ಸ್ ಹಾಗೂ ಅದನ್ನು ಅನುಸರಿಸಿ ರೂಪುಗೊಂಡ ಲಿನಕ್ಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ, ಬಳಕೆದಾರರು ಬೇರೆ ಸೂಚನೆ ಕೊಡದಿದ್ದಾಗ ತಂತ್ರಾಂಶಗಳು ತಮ್ಮ ಕಡತಗಳನ್ನು ಇಡುವ ಮತ್ತು ಹುಡುಕುವ ಡೈರೆಕ್ಟರಿಗಳಿಗೆ, ಅಂದರೆ ಕಡತಕೋಶಗಳಿಗೆ, ಪೂರ್ವನಿಗದಿತ ನೆಲೆಗಳೆಂದು ಹೆಸರು. ಎಲ್ಲ ಕಡತಕೋಶಗಳೂ ‘ರೂಟ್’ ಎಂಬ ಒಂದೇ ಮೂಲದಿಂದ ಕವಲೊಡೆಯುವುದರಿಂದ, ಕಡತವೊಂದನ್ನು ಯಾರು ತಿದ್ದಬಹುದು, ಅದು ಎಷ್ಟು ಜನರಿಗೆ ದೊರೆಯುತ್ತದೆ, ವ್ಯವಸ್ಥೆಯನ್ನು ನವೀಕರಿಸಿದಾಗ ಅದು ಉಳಿಯುತ್ತದೆಯೇ ಎಂಬುದೆಲ್ಲ ಅದರ ನೆಲೆಯನ್ನು ಅವಲಂಬಿಸಿರುತ್ತದೆ.

ಇತಿಹಾಸ

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ರಚನೆಯನ್ನು ಆರಂಭಿಸಿದರು. ಆರಂಭದ ಆವೃತ್ತಿಗಳಲ್ಲಿ ‘ಬಿನ್’ ಕೋಶವು ಆದೇಶಗಳಿಗೂ ‘ಇಟಿಸಿ’ ಆಡಳಿತದ ಕಡತಗಳಿಗೂ ‘ಯುಎಸ್‌ಆರ್’ ಬಳಕೆದಾರರ ಸ್ವಂತ ಕಡತಗಳಿಗೂ ಮೀಸಲಾಗಿದ್ದವು. ಮೊದಲ ಡಿಸ್ಕ್ ತುಂಬಿದಾಗ ಕೆಲವು ಆದೇಶಗಳನ್ನು ಎರಡನೆಯ ಡಿಸ್ಕಿನಲ್ಲಿದ್ದ ‘ಯುಎಸ್‌ಆರ್’ಗೆ ಸಾಗಿಸಲಾಯಿತು, ಬಳಕೆದಾರರ ಕಡತಗಳು ಮುಂದೆ ‘ಹೋಮ್’ ಕೋಶಕ್ಕೆ ಹೋದರೂ ತಂತ್ರಾಂಶಗಳು ಅಲ್ಲಿಯೇ ನೆಲೆನಿಂತವು. 1980ರ ದಶಕದಲ್ಲಿ ಹಲವು ಗಣಕಗಳು ಜಾಲದ ಮೂಲಕ ಒಂದೇ ‘ಯುಎಸ್‌ಆರ್’ ಅನ್ನು ಹಂಚಿಕೊಳ್ಳತೊಡಗಿದುದರಿಂದ, ಸದಾ ಬದಲಾಗುವ ದತ್ತಾಂಶವನ್ನು ‘ವಾರ್’ ಕೋಶಕ್ಕೆ ಬೇರ್ಪಡಿಸುವುದು ಅಗತ್ಯವಾಯಿತು.

ಲಿನಕ್ಸ್ ವಿತರಣೆಗಳ ನಡುವಿನ ವ್ಯತ್ಯಾಸಗಳನ್ನು ನೀಗಿಸಲು 1994ರಲ್ಲಿ ಮೊದಲ ಮಾನಕವು ಪ್ರಕಟವಾಯಿತು; ಅದನ್ನು ವಿಸ್ತರಿಸಿದ ಕಡತವ್ಯವಸ್ಥೆ ಶ್ರೇಣಿ ಮಾನಕದ 3.0 ಆವೃತ್ತಿಯನ್ನು 2015ರಲ್ಲಿ ಲಿನಕ್ಸ್ ಫೌಂಡೇಶನ್ ಹೊರತಂದಿತು. ವೈಯಕ್ತಿಕ ಹೊಂದಾಣಿಕೆಗಳು ‘ಹೋಮ್’ನಲ್ಲಿ ಚೆಲ್ಲಾಪಿಲ್ಲಿಯಾಗದಂತೆ, ಅವುಗಳಿಗೆ ‘ಕಾನ್ಫಿಗ್’, ದತ್ತಾಂಶಕ್ಕೆ ‘ಲೋಕಲ್’ ಕೋಶದೊಳಗಿನ ‘ಶೇರ್’, ತಾತ್ಕಾಲಿಕ ಪ್ರತಿಗಳಿಗೆ ‘ಕ್ಯಾಶ್’ ಎಂಬ, ಹೆಸರು ಚುಕ್ಕೆಯಿಂದ ಆರಂಭವಾಗುವ ಗುಪ್ತ ನೆಲೆಗಳನ್ನು ಫ್ರೀಡೆಸ್ಕ್‌ಟಾಪ್ ಯೋಜನೆಯು ಸೂಚಿಸಿತು. 2012ರಲ್ಲಿ ಲಿನಕ್ಸ್ ವಿತರಣೆಯಾದ ಫೆಡೋರಾ 17 ‘ಬಿನ್’ ಕೋಶವನ್ನು ‘ಯುಎಸ್‌ಆರ್’ನೊಳಗೆ ವಿಲೀನಗೊಳಿಸಿ, ಡಿಸ್ಕ್ ಚಿಕ್ಕದಾಗಿದ್ದ ಕಾಲದ ವಿಭಜನೆಯನ್ನು ಕೈಬಿಟ್ಟಿತು.

ಕನ್ನಡದ ಸಂದರ್ಭ

ಲಿನಕ್ಸ್‌ನಲ್ಲಿ ಕನ್ನಡದ ಬಳಕೆಯೂ ಈ ನೆಲೆಗಳನ್ನೇ ಆಧರಿಸಿದೆ. ‘ಯುಎಸ್‌ಆರ್’ನೊಳಗಿನ ‘ಶೇರ್’ ಕೋಶದಲ್ಲಿ ತಂತ್ರಾಂಶಗಳ ಕನ್ನಡ ಅನುವಾದಗಳು, ದಿನಾಂಕ ಮತ್ತು ಅಂಕಿಗಳ ನಿಯಮಗಳು, ಲೋಹಿತ್, ಗುಬ್ಬಿ, ನವಿಲು ಮುಂತಾದ ಅಕ್ಷರವಿನ್ಯಾಸಗಳು ಹಾಗೂ ಕಗಪ ಕೀಲಿಮಣೆಯ ವಿವರಗಳು ಇರುತ್ತವೆ. ಕನ್ನಡ, ಮರಾಠಿ, ಉರ್ದು ಮೂರೂ ಬಳಕೆಯಲ್ಲಿರುವ ಬೀದರ್ ಜಿಲ್ಲೆಯ ಬಸವಕಲ್ಯಾಣ, ಮೋರಖಂಡಿ ಪರಿಸರದಲ್ಲಿ ಒಂದೇ ಗಣಕವನ್ನು ಹಲವರು ಬಳಸುವಾಗ ಈ ವ್ಯವಸ್ಥೆಯ ಪ್ರಯೋಜನ ಸ್ಪಷ್ಟವಾಗುತ್ತದೆ: ಮೂರೂ ಭಾಷೆಗಳ ಸಾಮಗ್ರಿ ಸಾಮಾನ್ಯ ಕೋಶದಲ್ಲಿ ಒಮ್ಮೆ ಮಾತ್ರ ನೆಲೆಸುತ್ತದೆ, ಭಾಷೆಯ ಆಯ್ಕೆಯು ಪ್ರತಿಯೊಬ್ಬರ ‘ಹೋಮ್’ನಲ್ಲಿ ಪ್ರತ್ಯೇಕವಾಗಿ ಉಳಿಯುತ್ತದೆ.

ಅನುಸರಿಸಬೇಕಾದ ತತ್ತ್ವ

ವಿತರಣೆಯ ಮೂಲಕ ಬಂದ ಅಕ್ಷರವಿನ್ಯಾಸವು ‘ಯುಎಸ್‌ಆರ್’ನ ‘ಶೇರ್’ನಲ್ಲಿಯೂ, ಆಡಳಿತಗಾರರು ಎಲ್ಲರಿಗಾಗಿ ಸೇರಿಸಿದ್ದು ‘ಯುಎಸ್‌ಆರ್’ನ ‘ಲೋಕಲ್’ನಲ್ಲಿಯೂ, ಒಬ್ಬರ ಸ್ವಂತದ್ದು ಅವರ ‘ಹೋಮ್’ನಲ್ಲಿಯೂ ಇರುವುದು ಸೂಕ್ತ. ಹೀಗಿದ್ದರೆ ನವೀಕರಣವು ವಿತರಣೆಯ ಕಡತಗಳನ್ನು ಮಾತ್ರ ಬದಲಿಸುತ್ತದೆ ಮತ್ತು ಆಡಳಿತಾಧಿಕಾರವಿಲ್ಲದ ವಿದ್ಯಾರ್ಥಿಯೂ ತನಗೆ ಬೇಕಾದ ಕನ್ನಡ ಅಕ್ಷರವಿನ್ಯಾಸವನ್ನು ಇತರರಿಗೆ ತೊಂದರೆಯಾಗದಂತೆ ಅಳವಡಿಸಿಕೊಳ್ಳಬಹುದು.