ಕಾಡು ಈರುಳ್ಳಿ

ಕಾಡು ಈರುಳ್ಳಿಯು ಗೆಡ್ಡೆಯಿಂದ ಬೆಳೆಯುವ ಬಹುವಾರ್ಷಿಕ ಸಸ್ಯ. ಇದರ ವೈಜ್ಞಾನಿಕ ಹೆಸರು ಡ್ರಿಮಿಯಾ ಇಂಡಿಕಾ. ಹೆಸರಿನಲ್ಲಿ ‘ಈರುಳ್ಳಿ’ ಇದ್ದರೂ ಇದು ತಿನ್ನುವ ಗೆಡ್ಡೆಯಲ್ಲ. ಗೆಡ್ಡೆ ಮತ್ತು ಎಲೆಗಳೆರಡೂ ವಿಷಕಾರಿ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನೊಳಗೊಂಡ ಬಯಲುಸೀಮೆಯ ಕುರುಚಲು ಕಾಡು, ಕಲ್ಲುಗುಡ್ಡ ಮತ್ತು ಗೋಮಾಳದಂತಹ ಒಣನೆಲ ಇದಕ್ಕೆ ಒಗ್ಗುತ್ತದೆ.

ಹೆಸರುಗಳು

ಕನ್ನಡದಲ್ಲಿ ಅಡವಿ ಈರುಳ್ಳಿ ಎಂದೂ ಸಂಸ್ಕೃತದಲ್ಲಿ ವನಪಲಾಂಡು ಎಂದೂ ಕರೆಯುತ್ತಾರೆ. ಆಂಧ್ರದ ಗಡಿಯಲ್ಲಿರುವ ಪಾವಗಡದಲ್ಲಿ ತೆಲುಗು ಮಾತನಾಡುವವರು ಹೆಚ್ಚು. ತೆಲುಗಿನಲ್ಲಿ ಇದಕ್ಕೆ ನಕ್ಕ ಉಲ್ಲಿಗಡ್ಡ, ಅಂದರೆ ‘ನರಿಯ ಈರುಳ್ಳಿ’ ಎಂಬ ಹೆಸರಿದೆ. ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ ಇದನ್ನು ಸಿಲ್ಲಾ ಇಂಡಿಕಾ ಎಂದು ವರ್ಣಿಸಿದ್ದರು. ಅನಂತರ ಅರ್ಜೀನಿಯಾ ಇಂಡಿಕಾ ಎಂಬ ಹೆಸರು ಬಳಕೆಯಲ್ಲಿತ್ತು. ಈಗಿನ ಹೆಸರು 1977ರಲ್ಲಿ ಬಂದುದು.

ಸಸ್ಯವರ್ಣನೆ

ಗೆಡ್ಡೆಯು ಈರುಳ್ಳಿಯಂತೆಯೇ ಪದರಪದರವಾಗಿದ್ದು ಬಿಳಿಯ ಬಣ್ಣದ್ದಾಗಿರುತ್ತದೆ. ಬೇಸಿಗೆಯಲ್ಲಿ, ಎಲೆಗಳಿಲ್ಲದ ನೆಲದಿಂದ ನೀಳವಾದ ಹೂದಂಟು ಮೇಲೇಳುತ್ತದೆ. ಹೂಗಳು ಮಾಸಲು ಬಣ್ಣದವು. ಮಳೆ ಬಿದ್ದ ಮೇಲೆ ಪಟ್ಟಿಯಂತಹ ಚಪ್ಪಟೆ ಎಲೆಗಳು ಮೂಡುತ್ತವೆ. ಬೀಜಗಳು ಕಪ್ಪಾಗಿ, ಚಪ್ಪಟೆಯಾಗಿರುತ್ತವೆ.

ಈರುಳ್ಳಿಯೊಂದಿಗೆ ವ್ಯತ್ಯಾಸ

ಅಡುಗೆಯ ಈರುಳ್ಳಿ ಅಲಿಯಮ್ ಕುಲಕ್ಕೆ ಸೇರಿದೆ. ಗಂಧಕದ ಸಂಯುಕ್ತಗಳಿಂದಾಗಿ ಅದಕ್ಕೆ ಘಾಟು ವಾಸನೆಯಿದೆ, ಎಲೆಗಳು ಕೊಳವೆಯಂತೆ ಟೊಳ್ಳಾಗಿವೆ. ಕಾಡು ಈರುಳ್ಳಿಗೆ ಆ ವಾಸನೆಯಿಲ್ಲ. ಇದರ ರಸ ತಗುಲಿದರೆ ಚರ್ಮ ತುರಿಸುತ್ತದೆ. ಆದುದರಿಂದ ಗೆಡ್ಡೆಯನ್ನು ರುಚಿ ನೋಡಿ ಗುರುತಿಸಲು ಯತ್ನಿಸಬಾರದು.

ಆಹಾರ ಮತ್ತು ಕಾಡುಸೊಪ್ಪು

ತಿನ್ನಲು ಯೋಗ್ಯವಾದ ಕಾಡು ಉಳ್ಳಿಗಳು ಭಾರತದಲ್ಲಿ ಮುಖ್ಯವಾಗಿ ಹಿಮಾಲಯದಲ್ಲಿವೆ. ಉತ್ತರಾಖಂಡ ಮತ್ತು ನೇಪಾಳದಲ್ಲಿ ‘ಜಂಬೂ’ ಎಂಬ ಅಲಿಯಮ್ ಜಾತಿಗಳನ್ನು ಒಣಗಿಸಿ ಒಗ್ಗರಣೆಗೆ ಬಳಸುತ್ತಾರೆ. ಬಯಲುಸೀಮೆಯಲ್ಲಿ ಮಳೆಗಾಲದ ಅಡುಗೆಗೆ ಹೊಲ-ಬದುಗಳಿಂದ ಅಣ್ಣೆ, ಗೋಣಿ, ಹೊನಗೊನ್ನೆ ಮೊದಲಾದ ಸೊಪ್ಪುಗಳನ್ನು ಕಿತ್ತು ತಂದು, ಬೆರಕೆ ಸೊಪ್ಪಾಗಿ ಮಸ್ಸೊಪ್ಪು, ಬಸ್ಸಾರು ಮಾಡಿ ರಾಗಿಮುದ್ದೆಯೊಂದಿಗೆ ಉಣ್ಣುವುದು ರೂಢಿ. ಕಾಡು ಈರುಳ್ಳಿಯ ಎಲೆಗಳೂ ಇದೇ ಕಾಲದಲ್ಲಿ ಚಿಗುರುವುದರಿಂದ, ಸಸ್ಯಗಳ ಪರಿಚಯವಿಲ್ಲದವರು ಸೊಪ್ಪು ಆರಿಸುವಾಗ ಎಚ್ಚರ ವಹಿಸಬೇಕು.

ಔಷಧಿ ಮತ್ತು ವಿಷ

ಗೆಡ್ಡೆಯಲ್ಲಿ ಹೃದಯದ ಮೇಲೆ ಪರಿಣಾಮ ಬೀರುವ ಗ್ಲೈಕೋಸೈಡುಗಳಿವೆ. ಇವನ್ನು ಅಲ್ಪ ಪ್ರಮಾಣದಲ್ಲಿ ಕಫ ಸಡಿಲಿಸುವ ಔಷಧಿಗಳಿಗೆ ಬಳಸಲಾಗಿದೆ. ಮೆಡಿಟರೇನಿಯನ್ ತೀರದ ಸ್ಕ್ವಿಲ್ ಗೆಡ್ಡೆಗೆ ಬದಲಿಯಾಗಿ ‘ಇಂಡಿಯನ್ ಸ್ಕ್ವಿಲ್’ ಎಂಬ ಹೆಸರಿನಿಂದ ಇದು ಔಷಧಿಶಾಸ್ತ್ರದಲ್ಲಿ ಪರಿಚಿತವಾಗಿದೆ. ಔಷಧಿಯ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಇರುವ ಅಂತರ ಕಿರಿದು. ಮಿತಿ ಮೀರಿದರೆ ವಾಂತಿ, ಭೇದಿ ಉಂಟಾಗಿ, ನಾಡಿಬಡಿತ ನಿಧಾನವಾಗಿ ಏರುಪೇರಾಗಬಹುದು, ಪ್ರಾಣಾಪಾಯವೂ ಇದೆ. ಆದ್ದರಿಂದ ಇದನ್ನು ಮನೆಮದ್ದಾಗಿ ಸೇವಿಸಬಾರದು. ತಿಳಿಯದೆ ತಿಂದವರನ್ನು ಲಕ್ಷಣಗಳಿಗಾಗಿ ಕಾಯದೆ, ಸಸ್ಯದ ಒಂದು ಭಾಗದೊಂದಿಗೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.