ರೋಹಸೇನನ ಮಣ್ಣಿನ ಬಂಡಿ

ಕಳೆದ ಬೇಸಿಗೆ ರಜೆಯಲ್ಲಿ ಮುಳಬಾಗಿಲಿನ ನಮ್ಮ ಮನೆಯಲ್ಲಿ ಒಂದು ರಂಪ ನಡೆಯಿತು. ಪಕ್ಕದ ಮನೆಯ ಹುಡುಗನಿಗೆ ರಿಮೋಟ್ ಕಾರು ತಂದುಕೊಟ್ಟಿದ್ದರು. ಎರಡು ದಿನ ಅದರ ಜೊತೆ ಆಡಿದ್ದ ಅಕ್ಕನ ಮಗಳು, ಅವನು ಕಾರನ್ನು ಒಳಗಿಟ್ಟುಕೊಂಡ ದಿನ ಊಟ ಬಿಟ್ಟು ಕೂತಳು. “ಮಾಮಾ, ನಂಗೂ ಅಂಥದ್ದೇ ಬೇಕು.” ಅವಳಿಗೆ ಆರು ವರ್ಷ. ನನ್ನ ಫೆಲೋಶಿಪ್ ಹಣ ನಾಲ್ಕು ತಿಂಗಳಿಂದ ಬಂದಿರಲಿಲ್ಲ. ಅಕ್ಕನ ಕೈಯೂ ಖಾಲಿ.

ಸಂಸ್ಕೃತ ನಾಟಕಗಳ ಕನ್ನಡ ರೂಪಗಳನ್ನು ಓದುತ್ತಿರುವ ನನಗೆ ಆಗ ನೆನಪಾದದ್ದು ಶೂದ್ರಕನ ‘ಮೃಚ್ಛಕಟಿಕ’. ಹತ್ತು ಅಂಕಗಳ ಆ ನಾಟಕಕ್ಕೆ ಹೆಸರು ಬಂದದ್ದು ಇಂಥದೇ ಅಳುವಿನಿಂದ. ಆರನೆಯ ಅಂಕದಲ್ಲಿ ಬಡವನಾದ ಚಾರುದತ್ತನ ಮಗ ರೋಹಸೇನ, ನೆರೆಮನೆಯ ಹುಡುಗನ ಚಿನ್ನದ ಬಂಡಿ ಬೇಕೆಂದು ಹಟ ಹಿಡಿಯುತ್ತಾನೆ. ದಾಸಿ ರದನಿಕೆ ಮಣ್ಣಿನ ಬಂಡಿ ಮಾಡಿಕೊಟ್ಟರೆ ಅವನಿಗೆ ಒಪ್ಪಿಗೆಯಿಲ್ಲ. ಅದನ್ನು ಕಂಡ ಗಣಿಕೆ ವಸಂತಸೇನೆ ತನ್ನ ಒಡವೆಗಳನ್ನೆಲ್ಲ ಬಿಚ್ಚಿ ಆ ಬಂಡಿಗೆ ತುಂಬುತ್ತಾಳೆ.

ಮರುದಿನ ಕೆರೆಯಂಗಳದಿಂದ ಜೇಡಿಮಣ್ಣು ತಂದೆವು. ಕಲ್ಲು ಆರಿಸಿ, ನೀರು ಹಾಕಿ ನಾದಿ, ಬಂಡಿಯ ಮೈ ಮಾಡಿದೆವು. ಬಾಟಲಿಯ ಮುಚ್ಚಳದಿಂದ ಒತ್ತಿ ನಾಲ್ಕು ಚಕ್ರ ಕತ್ತರಿಸಿದೆವು. ಅಚ್ಚಿಗೆ ಪೊರಕೆ ಕಡ್ಡಿ. ನೆರಳಲ್ಲಿ ಒಣಗಲು ಇಟ್ಟು ಕತೆ ಹೇಳಿದೆ. ಬಂಡಿ ಉರುಳತೊಡಗಿದಾಗ ಅವಳು ತನ್ನ ಪ್ಲಾಸ್ಟಿಕ್ ಬಳೆಗಳನ್ನು ತೆಗೆದು ಅದರೊಳಗೆ ಹಾಕಿದಳು. ವಸಂತಸೇನೆ ಯಾರೆಂದು ನಾನು ಬೇರೆ ವಿವರಿಸಬೇಕಾಗಲಿಲ್ಲ.

ನಮ್ಮ ಹಳೆಯ ನಾಟಕಗಳಲ್ಲಿ ಆಟಿಕೆ ಬರಿಯ ಅಲಂಕಾರವಲ್ಲ. ಕಾಳಿದಾಸನ ‘ಶಾಕುಂತಲ’ದ ಏಳನೆಯ ಅಂಕದಲ್ಲಿ ಸಿಂಹದ ಮರಿಯನ್ನು ಹಿಡಿದೆಳೆಯುವ ಬಾಲಕನಿಗೆ ತಾಪಸಿ ಬಣ್ಣದ ಮಣ್ಣಿನ ನವಿಲು ತಂದು ತೋರಿಸುತ್ತಾಳೆ. ಹಕ್ಕಿಯ ಚೆಲುವನ್ನು ಹೇಳುವ ಅವಳ ಮಾತಿನಲ್ಲಿ ಮಗುವಿಗೆ ತಾಯಿಯ ಹೆಸರು ಕೇಳಿಸುತ್ತದೆ. ದುಷ್ಯಂತನಿಗೆ ಆ ಹೆಸರು ತಿಳಿಯುವುದು ಹಾಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ನಾಟಕವನ್ನು ಕನ್ನಡಕ್ಕೆ ತಂದ ಬಸವಪ್ಪ ಶಾಸ್ತ್ರಿಗಳು ‘ಅಭಿನವ ಕಾಳಿದಾಸ’ ಎನಿಸಿಕೊಂಡರು. ‘ಮೃಚ್ಛಕಟಿಕ’ದ ಕತೆ 1941ರಲ್ಲಿ ‘ವಸಂತಸೇನೆ’ ಎಂಬ ಕನ್ನಡ ಚಿತ್ರವಾಯಿತು. ಬಂಡಿಯಂತೂ ನಾಟಕಕ್ಕಿಂತ ಹಳೆಯದು: ಹರಪ್ಪ, ಮೊಹೆಂಜೊದಾರೊಗಳ ನೆಲದಲ್ಲಿ 4000 ವರ್ಷಗಳಿಗೂ ಹಿಂದಿನ ಮಣ್ಣಿನ ಆಟದ ಬಂಡಿಗಳು ಸಿಕ್ಕಿವೆ.

1887ರಲ್ಲಿ ಡಿ.ವಿ.ಜಿ. ಹುಟ್ಟಿದ ಊರು ನಮ್ಮದು. ‘ಮ್ಯಾಕ್‌ಬೆತ್’ ಅನ್ನು ಕನ್ನಡಿಸಿದವರು ಅವರು. ಆದರೂ ಇಲ್ಲಿ ಬೆಳೆದ ನನಗೆ ಹಳೆಯ ನಾಟಕವೆಂದರೆ ಪರೀಕ್ಷೆಯ ಐದು ಅಂಕದ ಪ್ರಶ್ನೆಯಾಗಿತ್ತು.

“ಆಮೇಲೆ ಅವನಿಗೆ ಚಿನ್ನದ ಬಂಡಿ ಸಿಕ್ತಾ?” ಎಂದು ಅವಳು ಕೇಳಿದಳು. ನಾನು ತಡವರಿಸಿದೆ. ಆ ಒಡವೆಗಳೇ ಒಂಬತ್ತನೆಯ ಅಂಕದ ನ್ಯಾಯಸಭೆಯಲ್ಲಿ ಕೆಳಗೆ ಬಿದ್ದು, ವಸಂತಸೇನೆಯನ್ನು ಕೊಂದವನು ಚಾರುದತ್ತನೇ ಎಂಬ ಸುಳ್ಳು ಆರೋಪಕ್ಕೆ ಸಾಕ್ಷಿಯಾಗುತ್ತವೆ. ಮಗುವನ್ನು ಸಮಾಧಾನ ಮಾಡಲು ಕೊಟ್ಟದ್ದು ತಂದೆಯನ್ನು ವಧಾಸ್ಥಾನದವರೆಗೆ ಒಯ್ಯುತ್ತದೆ. ಕೊನೆಗೆ ವಸಂತಸೇನೆ ಜೀವಂತ ಬಂದು ಅವನು ಉಳಿಯುತ್ತಾನೆ. ಬಂಡಿಯ ಮಾತು ಮತ್ತೆ ಬರುವುದಿಲ್ಲ.

ಇದ್ದದ್ದನ್ನು ಇದ್ದಂತೆ ಹೇಳಿದೆ. ಮಣ್ಣಿನ ಬಂಡಿಯಲ್ಲೇ ತೃಪ್ತಿಪಡು ಎಂದು ಶೂದ್ರಕ ಎಲ್ಲೂ ಬುದ್ಧಿ ಹೇಳುವುದಿಲ್ಲ. ಮಗುವಿನ ಆಸೆಯನ್ನು ಅವನು ಸಣ್ಣದೆಂದು ತಿಳಿದವನಲ್ಲ. ನಾನೂ ಬುದ್ಧಿ ಹೇಳಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳೆಗಳನ್ನು ಬಂಡಿಯಿಂದ ತೆಗೆದು ಮತ್ತೆ ಕೈಗೆ ಹಾಕಿಕೊಂಡಳು.

“ಅಪ್ಪಂಗೆ ತೊಂದರೆ ಆಗ್ಬಾರ್ದು” ಎಂದಳು.