ಬೀಜಕ್ಕೆ ಲೇಪ, ಬೇರಿಗೆ ಒಂದು ತಿಂಗಳ ಕಾವಲು

## ಹತ್ತಿ, ತೊಗರಿ ಮತ್ತು ಸೋಯಾ

ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆ ಸುರಪುರ, ಶಹಾಪುರ ಭಾಗದ ಹೊಲಗಳಿಗೆ ನೀರುಣಿಸುತ್ತದೆ. ನೀರು ಚೆನ್ನಾಗಿ ಸಿಕ್ಕಲ್ಲಿ ಭತ್ತ, ಉಳಿದೆಡೆ ಹೆಚ್ಚಾಗಿ ಹತ್ತಿ, ತೊಗರಿ. ಸೋಯಾ ಅವರೆ ಮುಖ್ಯವಾಗಿ ಬೀದರ್, ಬೆಳಗಾವಿ, ಧಾರವಾಡ ಕಡೆಯ ಬೆಳೆ. ಆದರೆ ಬೇರು ಹೀರುವ ಜಂತುಹುಳುವಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ರೆನಿಫಾರ್ಮ್ ಜಂತು ಹತ್ತಿ, ತೊಗರಿ, ಸೋಯಾ ಮೂರರ ಮೇಲೂ ಬದುಕುತ್ತದೆ. ಹತ್ತಿ ಕಿತ್ತ ಹೊಲಕ್ಕೆ ಸೋಯಾ ಹಾಕಿದರೆ ಅದು ಉಪವಾಸ ಬೀಳುವುದಿಲ್ಲ.

## ಗುರುತಿಸುವುದು ಹೇಗೆ?

ಹೊಲದ ಅಲ್ಲಲ್ಲಿ ಬೆಳೆ ಗಿಡ್ಡಾಗಿ ಹಳದಿಯಾದರೆ ಮೊದಲು ಯೂರಿಯಾ ಚೀಲ ಬಿಚ್ಚುವುದು ರೂಢಿ. ಅದಕ್ಕೂ ಮುಂಚೆ ಗಿಡವೊಂದನ್ನು ಮಣ್ಣಸಮೇತ ಅಗೆದು ಬೇರು ತೊಳೆದು ನೋಡಬೇಕು. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿರುತ್ತದೆ, ಉಗುರಲ್ಲಿ ಸುಲಭವಾಗಿ ಬಿಡಿಸಬಹುದು, ಸೀಳಿದರೆ ಒಳಗೆ ನಸುಗೆಂಪು. ಬೇರುಗಂಟು ಜಂತುವಿನದಾದರೆ ಬೇರೇ ಊದಿಕೊಂಡಿರುತ್ತದೆ, ಬೇರು ಹರಿಯದೆ ಗಂಟು ಬರುವುದಿಲ್ಲ. ತೊಗರಿಯಲ್ಲಿ ಇನ್ನೊಂದು ಬಗೆಯಿದೆ: ಸುಮಾರು ಒಂದು ತಿಂಗಳ ಸಸಿಯ ಬೇರಿಗೆ ಸಣ್ಣ ಮುತ್ತು ಪೋಣಿಸಿದಂತೆ ಬಿಳಿ ಕಾಳುಗಳು. ಅವು ಕೋಶಜಂತುವಿನ ಹೆಣ್ಣುಗಳು. ಸತ್ತ ಮೇಲೆ ಅವುಗಳ ಮೈಯೇ ಕಂದು ಚೀಲವಾಗಿ, ಒಳಗಿನ ಮೊಟ್ಟೆಗಳನ್ನು ವರ್ಷಗಟ್ಟಲೆ ಕಾಪಾಡುತ್ತದೆ.

## ಬೀಜೋಪಚಾರ ಮಾಡುವ ಕೆಲಸ

ಬೇರುಗಂಟು ಜಂತುವಿನ ಮರಿ ಎಳೆಬೇರಿನ ತುದಿಯಿಂದ ನುಗ್ಗುತ್ತದೆ. ಬಿಸಿಲ ನಾಡಿನಲ್ಲಿ ಒಂದು ಪೀಳಿಗೆ ಮುಗಿಯಲು ಸುಮಾರು ಒಂದು ತಿಂಗಳು ಸಾಕು, ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಮೊದಲ ಪೀಳಿಗೆಯನ್ನು ತಡೆದರೆ ಸಸಿಗೆ ಬೇರು ಬಿಡಲು ಬಿಡುವು ಸಿಗುತ್ತದೆ. ಲೇಪದಿಂದ ಇಷ್ಟೇ ನಿರೀಕ್ಷಿಸಬೇಕು, ಇಡೀ ಹೊಲದ ಮಣ್ಣು ಅದರಿಂದ ಶುದ್ಧವಾಗುವುದಿಲ್ಲ.

ಅಮೆರಿಕದಲ್ಲಿ ಸೋಯಾ ಬೀಜಕ್ಕೆ ಅಬಾಮೆಕ್ಟಿನ್, ಫ್ಲುಯೋಪೈರಾಂ ಲೇಪಿಸುತ್ತಾರೆ. ಅಬಾಮೆಕ್ಟಿನ್ ಹುಟ್ಟಿದ್ದು ಜಪಾನಿನ ಮಣ್ಣಿನ ಸೂಕ್ಷ್ಮಾಣುವಿನಿಂದ. ಆ ಬಗೆಯ ರಾಸಾಯನಿಕಗಳ ಶೋಧಕ್ಕೆ 2015ರಲ್ಲಿ ನೊಬೆಲ್ ಬಂತು. ಆದರೆ ಅಬಾಮೆಕ್ಟಿನ್ ಮಣ್ಣಿನ ಕಣಕ್ಕೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಕೆಳಗಿಳಿದ ಬೇರಿನ ಹಿಂದೆ ಹೋಗುವುದಿಲ್ಲ. ನಮ್ಮಲ್ಲಿ ಸುಲಭಕ್ಕೆ ಸಿಗುವುದು ಜೈವಿಕ ಪುಡಿಗಳು: ಸೂಡೋಮೊನಾಸ್, ಟ್ರೈಕೋಡರ್ಮ, ಜಂತುವಿನ ಮೊಟ್ಟೆ ತಿನ್ನುವ ಪರ್ಪ್ಯುರಿಯೋಸಿಲಿಯಂ ಶಿಲೀಂಧ್ರ. ಸೂಡೋಮೊನಾಸ್ ಆದರೆ ಕಿಲೋ ಬೀಜಕ್ಕೆ 10 ಗ್ರಾಂ. ಇವು ಬೇರಿನ ಜೊತೆ ತಾವೂ ಬೆಳೆಯುತ್ತವೆ, ಮಣ್ಣಿನಲ್ಲಿ ತೇವ ಮತ್ತು ಗೊಬ್ಬರ ಇದ್ದರೆ ಮಾತ್ರ.

## ಕೈ ಹಗುರವಿರಲಿ

ಸೋಯಾ ಬೀಜದ ಸಿಪ್ಪೆ ತೆಳು. ಜೋರಾಗಿ ಉಜ್ಜಿದರೆ ಸುಲಿಯುತ್ತದೆ, ನೀರು ಹೆಚ್ಚಾದರೆ ಸುಕ್ಕುಗಟ್ಟುತ್ತದೆ, ಮೊಳಕೆಯೂ ಕಡಿಮೆಯಾಗುತ್ತದೆ. ತಣಿದ ಬೆಲ್ಲದ ಪಾಕವನ್ನು ಸ್ವಲ್ಪವೇ ಚಿಮುಕಿಸಿ, ಪುಡಿ ಹಾಕಿ, ಗೋಣಿತಾಟಿನ ಮೇಲೆ ಮೆಲ್ಲಗೆ ಹೊರಳಿಸಿ ನೆರಳಲ್ಲಿ ಆರಿಸಬೇಕು. ರಾಸಾಯನಿಕ ಬಳಸಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಅದೇ ದಿನ ಬಿತ್ತಬೇಕು. ರಾಸಾಯನಿಕ ಲೇಪಿಸಿದ ಬೀಜ ಉಳಿದರೆ ದನಕ್ಕೂ ಹಾಕಬಾರದು, ಅಡುಗೆಗೂ ಬಳಸಬಾರದು.

## ಬೆಳೆ ಬದಲಾವಣೆ

ತೊಗರಿಯ ಕೋಶಜಂತು ಹೆಸರು, ಅಲಸಂದೆಗಳ ಮೇಲೂ ಬದುಕುತ್ತದೆ. ಎಳ್ಳು ಕೂಡ ಅದಕ್ಕೆ ಆಹಾರವೇ. ಹಾಗಾಗಿ ತೊಗರಿಯ ನಂತರ ಹೆಸರು ಹಾಕಿದರೆ ಬದಲಾವಣೆ ಹೆಸರಿಗಷ್ಟೇ. ಅದನ್ನು ಉಪವಾಸ ಕೆಡವಬಲ್ಲದ್ದು ನಮ್ಮ ಹಳೆಯ ಜೋಳ.

ಯಾವ ಜಂತು ಎಂದು ತಿಳಿಯದೆ ಔಷಧಿ ಕೊಳ್ಳುವುದು ದಂಡ. ಐದಾರು ಕಡೆ 15ರಿಂದ 20 ಸೆಂ.ಮೀ. ಆಳದ ಮಣ್ಣನ್ನು ಎಳೆಬೇರಿನೊಂದಿಗೆ ತೆಗೆದು, ಬಿಸಿಲಿಗಿಡದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲೋ ವಿಚಾರಿಸಬಹುದು. ಮಣ್ಣು ಒಣಗಿದರೆ ಜಂತು ಸತ್ತು, ಪರೀಕ್ಷೆಯಲ್ಲಿ ಏನೂ ಕಾಣದೆ ಹೋಗಬಹುದು.